ಸದ್ದಿಲ್ಲದ ಕೆಂಪು ದೀಪ

"ನಿಧಾನ ಮೇಡಂ. ಇದು ಚಪಾತಿ ಲಟ್ಟಿಸೋ ಕೆಲಸ ಅಲ್ಲ" ಎಂದ ಅಂಗಡಿಯ ದೊರೆಸ್ವಾಮಿ.

ಮಾಧವಿ ಕೈ ತಡೆದಳು. ಅಡಿಕೋಲಿನಷ್ಟು ಉದ್ದದ ಸ್ಕ್ಯಾನರು ತೆರೆದ ಪುಸ್ತಕದ ಮೇಲೆ ಅಡ್ಡ ಮಲಗಿತ್ತು. ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಕೆಂಪು ದೀಪ ಮಿಣುಕುತ್ತಿತ್ತು.

ಕೈವೇಗ ಹೆಚ್ಚಾದರೆ ಅದು ಹೀಗೆ ಎಚ್ಚರಿಸುತ್ತದೆ, ಆಗಲೇ ನಿಧಾನ ಮಾಡಿದರೆ ಸರಿ, ಇಲ್ಲವಾದರೆ ಆ ಪುಟ ಕೆಟ್ಟಿತೆಂದೇ ತಿಳಿದು ಮತ್ತೆ ಮೇಲಿನಿಂದ ಶುರುಮಾಡಬೇಕು ಎಂದು ದೊರೆಸ್ವಾಮಿ ವಿವರಿಸಿದ.

"ಸದ್ದು ಗಿದ್ದು ಏನೂ ಮಾಡಲ್ವಾ?"

"ಇಲ್ಲ. ಲೈಟ್ ಮಾತ್ರ."

ಮಾಧವಿ ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಎಳೆದಳು. ಕಾಗದದ ಮೇಲೆ ಉರುಳೆ ಜಾರುವ ನುಣುಪು ಬಿಟ್ಟರೆ ಬೆರಳಿಗೆ ಏನೂ ತಿಳಿಯಲಿಲ್ಲ. ಕಣ್ಣು ತೆರೆದಾಗ ದೀಪ ಮಿಣುಕುವುದನ್ನು ನಿಲ್ಲಿಸಿ ಒಂದೇ ಸಮನೆ ಉರಿಯುತ್ತಿತ್ತು. ಪುಟ ಹಾಳಾಗಿತ್ತು.

ಹೊರಗೆ ಚಾಮರಾಜಪೇಟೆಯ ಬೆಳಗಿನ ಗದ್ದಲ. ಅವಳ ಕಿವಿಗೆ ಅದೊಂದೂ ಬೀಳಲಿಲ್ಲ. ಇಂಥದೇ ಒಂದು ಯಂತ್ರವನ್ನು ಎರಡು ಕಣ್ಣೂ ಕಾಣದ ಮನುಷ್ಯನೊಬ್ಬ ತಿಂಗಳುಗಟ್ಟಲೆ ಬಳಸಿದ್ದನೆಂದು ಎಲ್ಲರೂ ನಂಬಿದ್ದರು. ಆ ಮನುಷ್ಯನ ಮಾತಿನ ಮೇಲೆಯೇ ಒಬ್ಬ ಹುಡುಗ ಕೊಲೆಗಾರನಾಗಿ ಜೈಲಿನಲ್ಲಿ ಕೂತಿದ್ದ.

ಸತ್ತವರು ಪದಕೋಶದ ಶೀನಣ್ಣ. ನೇಕಾರರು, ಕಲ್ಲುಕುಟಿಗರು, ಹೂ ಕಟ್ಟುವವರು, ಬಿನ್ನಿಪೇಟೆಯ ಗಿರಣಿಗಳಲ್ಲಿ ದುಡಿದವರು, ಇವರೆಲ್ಲರ ಬಾಯಲ್ಲಿದ್ದ ಕಸುಬಿನ ಮಾತುಗಳನ್ನು ಜೀವಮಾನವಿಡೀ ಹೆಕ್ಕಿ ಟೈಪು ಮಾಡಿ ಸಂಪುಟ ಕಟ್ಟಿಸಿದ್ದರು. ಇದ್ದುದು ಒಂದೇ ಪ್ರತಿ. ಕಂಪ್ಯೂಟರಿಗೆ ಹಾಕಿದರೆ ಕಳುವಾಗುತ್ತದೆಂಬ ಭಯ ಅವರಿಗೆ. ತಾವೇ ನಡೆಸುತ್ತಿದ್ದ ವಾಚನಾಲಯದ ಮಹಡಿಯಲ್ಲಿ ಸಂಪುಟಗಳನ್ನಿಟ್ಟು, ಮೇಲೆ ಹೋಗುವವರೆಲ್ಲ ಫೋನನ್ನು ಕೆಳಗೇ ಒಪ್ಪಿಸಬೇಕೆಂದು ನಿಯಮ ಮಾಡಿದ್ದರು. ಕಳೆದ ತಿಂಗಳು ಒಂದು ಸಂಜೆ ಅದೇ ಮಹಡಿಯ ಮುಂಬದಿಯ ಮೆಟ್ಟಿಲಿನ ಬುಡದಲ್ಲಿ ಅವರ ಹೆಣ ಸಿಕ್ಕಿತು.

ಅಷ್ಟು ಹೊತ್ತಿಗೆ ಮಲ್ಲೇಶ್ವರದ ಪ್ರಕಾಶಕರೊಬ್ಬರ ಮೇಜಿನ ಮೇಲೆ ಪದಕೋಶದ ಒಂದು ಕಟ್ಟು ಪುಟ ಶೀನಣ್ಣನ ಹೆಸರಿಲ್ಲದೆ ಬಂದು ಕೂತಿತ್ತು. ಕಳಿಸಿದವರ ಹೆಸರೂ ಇರಲಿಲ್ಲ. ಆ ಪುಟಗಳನ್ನು ಮಾಧವಿ ನೋಡಿದ್ದಳು. ಪ್ರತಿ ಪುಟದಲ್ಲೂ ಹೊಲಿಗೆಯ ಬದಿಯ ಅಕ್ಷರಗಳು ಮಬ್ಬು. ಕೆಲವು ಕಡೆ ಸಾಲುಗಳು ನಡುವೆ ಸೊಟ್ಟಗಾಗಿ, ಕೈ ಅಲುಗಿದವರ ಗೆರೆಯಂತೆ ಬಾಗಿದ್ದವು.

ಈಗ ದೊರೆಸ್ವಾಮಿಯ ಕಂಪ್ಯೂಟರಿನಲ್ಲಿ ಅವಳು ಸ್ವಂತ ಕೈಯಿಂದ ಎಳೆದ ಪುಟ ತೆರೆದಿತ್ತು. ಹೊಲಿಗೆಯ ಬದಿ ಮಬ್ಬು. ನಡುವೆ ಸಾಲು ಬಾಗಿದೆ.

ಹದಿನೈದು ವರ್ಷ ವಿಮಾ ಕಂಪನಿಯೊಂದಕ್ಕೆ ಸುಳ್ಳು ಕ್ಲೇಮುಗಳನ್ನು ಹುಡುಕಿಕೊಟ್ಟು, ಈಗ ವೈಯಾಲಿಕಾವಲಿನ ಮನೆಯಿಂದಲೇ ಸ್ವತಂತ್ರವಾಗಿ ಪತ್ತೇದಾರಿಕೆ ನಡೆಸುತ್ತಿದ್ದ ಮಾಧವಿಗೆ ಒಂದು ಅಭ್ಯಾಸವಿತ್ತು. ಕಳ್ಳನನ್ನು ಹುಡುಕುವ ಮೊದಲು ಕಳ್ಳ ನಿಂತ ಅಂಗಡಿಯ ಮುಂದೆ ಕಳ್ಳನಂತೆಯೇ ನಿಲ್ಲುವುದು.

ಹಾಗಾಗಿ ದೊರೆಸ್ವಾಮಿಯನ್ನು ಇನ್ನೂ ಕೆದಕಿದಳು. ಪುಸ್ತಕದಿಂದ ಪಠ್ಯ ಎತ್ತಿಕೊಳ್ಳಬೇಕು, ಕೈಯಲ್ಲಿ ಹಿಡಿಯುವಂಥದಿರಬೇಕು, ಏನೇನಿದೆ?

ಅವನು ಪೆನ್ನಿನಂಥ ಎರಡನ್ನು ತೆಗೆದಿಟ್ಟ. ಒಂದು ಸಾಲಿನ ಮೇಲೆ ಎಳೆದರೆ ಅಕ್ಷರ ಗುರುತಿಸಿ ಪುಟಾಣಿ ಪರದೆಯಲ್ಲಿ ತೋರಿಸುತ್ತಿತ್ತು. ಇನ್ನೊಂದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಕಣ್ಣು ಮಂಜಾದವರು ಕೊಳ್ಳುವುದು ಇದನ್ನೇ ಎಂದ. ಕನ್ನಡಕ್ಕೆ ಸ್ವಲ್ಪ ತಿಣುಕಾಡುತ್ತದೆ, ಒತ್ತಕ್ಷರ ಬಂದಲ್ಲಿ ಮುಗ್ಗರಿಸುತ್ತದೆ, ಆದರೂ ಓದುತ್ತದೆ. ಉದ್ದನೆಯದು ಇಡೀ ಪುಟದ ಚಿತ್ರ ಹಿಡಿಯುತ್ತದೆ, ಆದರೆ ಮೂಕ.

"ಯಾವುದು ಬೇಕು ಅನ್ನೋದು ನಿಮ್ಮ ಕೆಲಸದ ಮೇಲೆ ಹೋಗತ್ತೆ ಮೇಡಂ. ನಾಕು ಸಾಲು ಸಾಕಾ, ಪೆನ್ನು. ಪುಸ್ತಕಾನೇ ಎತ್ಬೇಕಾ, ಈ ಉದ್ದಂದು."

ಪುಸ್ತಕಾನೇ ಎತ್ತಬೇಕಾ. ಮಾಧವಿ ಆ ಮಾತನ್ನು ಮನಸ್ಸಿನಲ್ಲೇ ಮೆಲುಕು ಹಾಕುತ್ತ, ಓದಿ ಹೇಳುವ ಪೆನ್ನನ್ನು ಕೊಂಡು ಚೀಲಕ್ಕೆ ಹಾಕಿದಳು.

ಅಂಗಡಿಯ ಎದುರು ಆಟೋದಲ್ಲಿ ಮೈತ್ರೇಯಿ ಕಾಯುತ್ತಿದ್ದಳು. ಹನುಮಂತನಗರದ ಶಾಲೆಯೊಂದರಲ್ಲಿ ಟೀಚರು. ಜೈಲಿನಲ್ಲಿದ್ದ ಸಮರ್ಥ ಅವಳ ತಮ್ಮ, ಶೀನಣ್ಣನ ಸಹಾಯಕನಾಗಿ ಪದಕೋಶಕ್ಕೆ ದುಡಿದವನು. ಅವನನ್ನು ಬಿಡಿಸಿಕೊಡಿ ಎಂದು ಮಾಧವಿಯನ್ನು ಹುಡುಕಿಕೊಂಡು ಬಂದವಳು ಅವಳೇ. ಸೋಮವಾರ ಜಾಮೀನಿನ ವಿಚಾರಣೆಯಿತ್ತು. ಎದುರು ನಿಂತಿದ್ದುದು ಒಂದೇ ಸಾಕ್ಷ್ಯ, ವರದರಾಜರದು.

ವರದರಾಜರು ನಿವೃತ್ತ ಕನ್ನಡ ಅಧ್ಯಾಪಕರು. ಕರಿಗುಡ್ಡೆ ಬೆಳ್ಳಗಾಗಿ ದೃಷ್ಟಿ ಹೋಗಿ ವರ್ಷಗಳೇ ಆಗಿದ್ದವು. ಅಕ್ಕ ಭಾಗೀರಥಮ್ಮ ದಿನವೂ ಆಟೋದಲ್ಲಿ ಕರೆತಂದು ವಾಚನಾಲಯದ ಮಹಡಿಯಲ್ಲಿ ಕೂರಿಸಿ, ಸಂಜೆ ಬಂದು ಕರೆದೊಯ್ಯುತ್ತಿದ್ದರು. ಅವರ ಸ್ಕ್ಯಾನರಿಗೆ ಶೀನಣ್ಣನೇ ವಿನಾಯಿತಿ ಕೊಟ್ಟಿದ್ದರು. ಕಣ್ಣಿಲ್ಲದವನ ಓದಿಗೆ ಅಡ್ಡ ಬರಬಾರದು ಎಂದಿದ್ದರಂತೆ. ಆ ಸಂಜೆ ಸಮರ್ಥನ ದನಿ ಜಗಳಕ್ಕೇರಿದ್ದನ್ನೂ, ಶೀನಣ್ಣ ಉರುಳಿದ ಸದ್ದನ್ನೂ ಕೇಳಿದೆ, ನಡುವೆ ಬೇರೆ ಹೆಜ್ಜೆಯೇ ಇರಲಿಲ್ಲ ಎಂದು ವರದರಾಜರು ಪೊಲೀಸರಿಗೆ ಹೇಳಿದ್ದರು. ಕುರುಡನ ಕಿವಿ ಚುರುಕೆಂದು ಎಲ್ಲರೂ ಒಪ್ಪಿದ್ದರು.

ವಾಚನಾಲಯದ ಕೆಳಗಿನ ಮೇಜಿನಲ್ಲಿ ಕೂರುತ್ತಿದ್ದ, ಆ ಸಂಜೆ ಬೇಗ ಮನೆಗೆ ಹೋಗಿದ್ದ ಶೈಲಜಮ್ಮ ಮಾತ್ರ ನಿನ್ನೆ ಮಾಧವಿಗೆ ಒಂದು ಸಣ್ಣ ಮಾತು ಹೇಳಿದ್ದಳು. ಆ ಯಂತ್ರ ಲಟ್ಟಣಿಗೆಯಷ್ಟು ಉದ್ದ, ಒಂದು ದಿನವೂ ಅದು ಓದಿದ್ದನ್ನು ತಾನು ಕೇಳಿಲ್ಲ ಎಂದು.

"ನೀವು ಪಾರ್ಕಲ್ಲೇ ಇರಿ" ಎಂದಳು ಮಾಧವಿ ಆಟೋ ಬಸವನಗುಡಿಗೆ ತಿರುಗುತ್ತಿದ್ದಂತೆ. "ನಿಮ್ಮ ದನಿ ಅವರಿಗೆ ಗೊತ್ತಿದ್ರೆ ಕೆಲಸ ಕೆಡತ್ತೆ."

ಮೈತ್ರೇಯಿ ತಲೆಯಾಡಿಸಿದಳು. ಅವಳ ಕೈ ಸೆರಗಿನ ತುದಿಯನ್ನು ಹಿಂಡುತ್ತಲೇ ಇತ್ತು.

ಕೃಷ್ಣರಾವ್ ಪಾರ್ಕಿನ ಎದುರು ಸಾಲಿನಲ್ಲಿ ವರದರಾಜರ ಮನೆ. ಬಾಗಿಲು ತೆರೆದ ಭಾಗೀರಥಮ್ಮ ಎತ್ತರದ, ನೆಟ್ಟಗೆ ನಿಲ್ಲುವ ಹೆಂಗಸು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ವಾಚನಾಲಯದ ಶೈಲಜಮ್ಮ ನಿಮ್ಮ ವಿಳಾಸ ಕೊಟ್ಟರು, ನನ್ನ ತಾಯಿಗೂ ಕಣ್ಣು ಹೋಗುತ್ತಿದೆ, ಸ್ಕ್ಯಾನರು ಕೊಳ್ಳುವ ಮುಂಚೆ ಸಾರ್ ಹತ್ತಿರ ಒಂದು ಮಾತು ಕೇಳೋಣವೆಂದು ಬಂದೆ ಎಂದಳು ಮಾಧವಿ. ಭಾಗೀರಥಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಹಡಿಗೆ ಕರೆದೊಯ್ದು ಬಿಟ್ಟು, ಕಾಫಿ ತರುತ್ತೇನೆಂದು ಇಳಿದುಹೋದರು.

ವರದರಾಜರು ಕಪ್ಪು ಕನ್ನಡಕ ಹಾಕಿಕೊಂಡು ಮೇಜಿನ ಮುಂದೆ ಕೂತಿದ್ದರು. ಮೃದು ಮಾತಿನ ಮನುಷ್ಯ. ತಾಯಿಗೆ ಎಷ್ಟು ಕಾಣುತ್ತದೆ, ಓದಿನ ಹುಚ್ಚಿದೆಯೇ ಎಂದೆಲ್ಲ ಅಕ್ಕರೆಯಿಂದ ವಿಚಾರಿಸಿದರು. ಮಾಧವಿ ಇಲ್ಲದ ತಾಯಿಗೆ ಇರುವ ಕಷ್ಟಗಳನ್ನೆಲ್ಲ ಕಟ್ಟಿ ಹೇಳಿ, ಓದಿ ಹೇಳುವ ಪೆನ್ನನ್ನು ಅವರ ಅಂಗೈಗಿಟ್ಟಳು.

ಅವರು ಅದನ್ನು ತಿರುಗಾ ಮುರುಗಾ ಹಿಡಿದು, ನಕ್ಕು ಹಿಂದಕ್ಕೆ ಕೊಟ್ಟರು.

"ಇದು ಕುರುಡರಿಗೆ ಅಂತ ಮಾರ್ತಾರೆ. ಆದ್ರೆ ಸಾಲಿನ ಮೇಲೇ ಎಳೀಬೇಕು. ಸಾಲು ಎಲ್ಲಿದೆ ಅಂತ ಕುರುಡನಿಗೆ ಹೇಗಮ್ಮ ತಿಳಿಯತ್ತೆ? ನೀವು ಉದ್ದಂದು ತಗೊಳ್ಳಿ. ಪುಟದ ಅಂಚು ಕೈಗೆ ಸಿಗತ್ತೆ, ಮೇಲಿಂದ ಕೆಳಗೆ ಎಳೆದ್ರೆ ಆಯ್ತು. ಮನೇಗೆ ಬಂದು ಕಂಪ್ಯೂಟರ್‌ಗೆ ಹಾಕಿದ್ರೆ ಅದೇ ಓದಿ ಹೇಳತ್ತೆ."

ಮಾತು ನ್ಯಾಯವಾಗಿತ್ತು. ಅಂಗಡಿಯಿಂದ ಇಲ್ಲಿಯವರೆಗೆ ಅವಳು ಕಟ್ಟಿಕೊಂಡು ಬಂದ ಅರ್ಧ ತರ್ಕವನ್ನು ಅವರು ಒಂದೇ ಉಸಿರಿಗೆ ಕೆಡವಿದ್ದರು. ಹಾಗಾದರೆ ಇವರಿಗೆ ನಿಜವಾಗಿಯೂ ಕಾಣುವುದಿಲ್ಲವೇ? ಕಣ್ಣಿಲ್ಲದ ವೃದ್ಧನ ಮನೆಗೆ ಸುಳ್ಳು ಹೇಳಿ ನುಗ್ಗಿದ ಪಾಪವೊಂದೇ ತನ್ನ ಪಾಲಿಗೆ ಉಳಿಯಿತೇ?

ಉಳಿದಿದ್ದು ಕೆಂಪು ದೀಪವೊಂದೇ.

ನಿಮ್ಮದನ್ನು ಒಮ್ಮೆ ತೋರಿಸಿಕೊಡುತ್ತೀರಾ, ಎಳೆಯುವ ಹದ ನೋಡಿ ಕಲಿತುಕೊಂಡು ಅಮ್ಮನಿಗೆ ಹೇಳಿಕೊಡುತ್ತೇನೆ ಎಂದಳು. ಅವರು ಕೊಂಚ ತಡೆದರು. ಆಮೇಲೆ, ವರ್ಷಗಟ್ಟಲೆ ಪಾಠ ಹೇಳಿದ ಮನುಷ್ಯನಿಗೆ ಕಲಿಯುತ್ತೇನೆ ಎಂದವರನ್ನು ಬರಿಗೈಲಿ ಕಳಿಸಲಾಗದೆಂಬಂತೆ, ಡ್ರಾಯರು ತಡವಿ ಸ್ಕ್ಯಾನರು ತೆಗೆದರು. ದೊರೆಸ್ವಾಮಿ ತೋರಿಸಿದಂಥದೇ. ತುದಿಯಲ್ಲಿ ಅದೇ ಸಾಸಿವೆ ಕಾಳು.

ಹಾಳೆ ಹಾರದಿರಲೆಂದು ಮಾಧವಿ ಫ್ಯಾನು ಆರಿಸಿದಳು. ಕೋಣೆ ಒಮ್ಮೆಲೇ ನಿಶ್ಶಬ್ದವಾಯಿತು. ಕೆಳಗೆ ಅಡುಗೆಮನೆಯಲ್ಲಿ ಲೋಟ ತೊಳೆಯುವ ಸದ್ದು ಕೇಳುತ್ತಿತ್ತು.

ವರದರಾಜರು ಬೆರಳಿನಿಂದ ಪುಟದ ಅಂಚು ಸವರಿ, ಸ್ಕ್ಯಾನರನ್ನು ಅದರ ಮೇಲ್ತುದಿಗೆ ಇಟ್ಟು ಎಳೆಯತೊಡಗಿದರು. ಮೊದಲು ನಿಧಾನ, ಬಳಿಕ ತುಸು ಬೇಗ. ಪುಟದ ನಡುಭಾಗಕ್ಕೆ ಬಂದಾಗ ಕೆಂಪು ದೀಪ ಮಿಣುಕಿತು.

ಅವರ ಮಣಿಕಟ್ಟು ನಿಧಾನವಾಯಿತು. ದೀಪ ಆರಿತು. ಕೈ ಮುಂದೆ ಸಾಗಿತು.

ಮಾಧವಿ ಇನ್ನೂ ಒಪ್ಪಲಿಲ್ಲ. ಕಾಕತಾಳೀಯವೂ ಇರಬಹುದು. ವಿಮಾ ಕಂಪನಿಯಲ್ಲಿ ಒಂದು ಸಲದ ಸಾಕ್ಷ್ಯವನ್ನು ನಂಬಿ ಕೆಟ್ಟವರನ್ನು ಅವಳು ಕಂಡಿದ್ದಳು.

"ನಾನೂ ತುದಿ ಹಿಡ್ಕೊಳ್ಲಾ ಸಾರ್? ಎಷ್ಟು ಒತ್ತಬೇಕು ಅಂತ ಗೊತ್ತಾಗ್ಲಿ."

ಅವರು ತಲೆಯಾಡಿಸಿದರು. ಮಾಧವಿ ಸ್ಕ್ಯಾನರಿನ ತುದಿ ಹಿಡಿದು, ಹೆಬ್ಬೆರಳನ್ನು ದೀಪದ ಮೇಲೆ ಮುಚ್ಚಿಟ್ಟಳು. ಅವರು ಎರಡನೇ ಪುಟ ಎಳೆದರು. ಇಬ್ಬರ ಕೈ ಸೇರಿದ್ದರಿಂದಲೋ ಏನೋ ವೇಗ ಬೇಗನೆ ಏರಿತು. ಅವಳ ಉಗುರಿನ ಅಂಚು ಕೆಂಪಗೆ ಮಿಣುಕಿತು. ಅವರು ನಿಧಾನಿಸಲಿಲ್ಲ. ಉಗುರು ಒಂದೇ ಸಮನೆ ಕೆಂಪಾಯಿತು. ಅವರ ಕೈ ಅದೇ ವೇಗದಲ್ಲಿ ಪುಟದ ಕೊನೆಯವರೆಗೂ ಹೋಗಿ ನಿಂತಿತು.

"ನೋಡಿ, ಇಷ್ಟೇ. ಪುಟ ಬಂತು" ಎಂದರು ವರದರಾಜರು ಪ್ರಸನ್ನರಾಗಿ.

ಮಾಧವಿ ಹೆಬ್ಬೆರಳು ಎತ್ತಿದಳು.

ದೀಪ ಉರಿಯುತ್ತಿತ್ತು. ವರದರಾಜರ ಮುಖದ ನಗು ಹಾಗೇ ಇತ್ತು, ಆದರೆ ಅದರೊಳಗಿನ ಜೀವ ಹೋಗಿತ್ತು. ಅವರ ಗದ್ದ ಒಂದಿಷ್ಟೇ ಕೆಳಗೆ ಬಾಗಿ ದೀಪದ ಕಡೆ ತಿರುಗಿತ್ತು.

"ಪುಟ ಬರ್ಲಿಲ್ಲ, ಅಲ್ವಾ ಸಾರ್?"

"ಯಾಕೆ ಹಾಗಂತೀರಿ?"

"ನಾನಲ್ಲ. ನೀವು ನೋಡ್ತಿದೀರಲ್ಲ, ಅದು ಹೇಳ್ತಿದೆ."

ಅವರು ಸ್ಕ್ಯಾನರನ್ನು ಮೇಜಿನ ಮೇಲಿಟ್ಟರು. ತಮಗೇನೂ ಅರ್ಥವಾಗಲಿಲ್ಲ, ಹೊರಟುಬಿಡಿ ಎಂದರು. ಮಾಧವಿ ಏಳಲಿಲ್ಲ. ತಾನು ಯಾರು, ಯಾವ ಕೆಲಸಕ್ಕೆ ಬಂದವಳು ಎಂಬುದನ್ನು ಮರೆಮಾಚದೆ ಹೇಳಿದಳು. ಮಲ್ಲೇಶ್ವರದ ಪ್ರಕಾಶಕರ ಬಳಿ ಇದ್ದ ಬಾಗಿದ ಸಾಲುಗಳ ವಿಷಯವನ್ನೂ ಹೇಳಿದಳು. ಕಣ್ಣಿನ ಡಾಕ್ಟರೊಬ್ಬರು ಹತ್ತು ನಿಮಿಷ ಪರೀಕ್ಷಿಸಿದರೆ ಸಾಕು, ಸೋಮವಾರ ನ್ಯಾಯಾಲಯದಲ್ಲಿ ನಿಮ್ಮ ಸಾಕ್ಷ್ಯ ನಿಲ್ಲುವುದಿಲ್ಲ ಎಂದಳು.

ವರದರಾಜರು ಸ್ಕ್ಯಾನರನ್ನು ಡ್ರಾಯರಿಗೆ ಹಾಕಿ ಮುಚ್ಚಿದರು. ಆಮೇಲೆ ಕಪ್ಪು ಕನ್ನಡಕ ತೆಗೆದರು. ಎಡಗಣ್ಣು ಹಾಲಿನಂತೆ ಬೆಳ್ಳಗಿತ್ತು. ಬಲಗಣ್ಣು ತಿಳಿಯಾಗಿತ್ತು, ಮತ್ತು ನೇರವಾಗಿ ಮಾಧವಿಯನ್ನು ನೋಡುತ್ತಿತ್ತು.

ಕಳೆದ ವರ್ಷ ಕೊಯಮತ್ತೂರಿನಲ್ಲಿ ಆಪರೇಷನ್ ಆಯಿತೆಂದರು. ಅಕ್ಕನನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಮೊದಮೊದಲು ಹೇಳದಿದ್ದುದು ನಿಂತೀತೋ ಇಲ್ಲವೋ ಎಂಬ ಅಳುಕಿಗೆ. ದೃಷ್ಟಿ ನಿಂತಿತು. ಒಂದು ದಿನ ವಾಚನಾಲಯದಲ್ಲಿ ಪದಕೋಶದ ಸಂಪುಟವೊಂದನ್ನು ತೆರೆದು ಓದಿದರು. ಶೀನಣ್ಣನೂ ತಾವೂ ಹುಡುಗರಾಗಿದ್ದಾಗ ಜೊತೆಯಾಗಿ ಬಿನ್ನಿಪೇಟೆಯ ಓಣಿಗಳಲ್ಲಿ ಅಲೆದು ಕೇಳಿ ಬರೆದುಕೊಂಡ ಮಾತುಗಳು. ಪುಟ ಪುಟಕ್ಕೂ ತಮ್ಮ ಶೋಧ. ಮೊದಲ ಹಾಳೆಯಲ್ಲಿ ಹೆಸರು ಮಾತ್ರ ಒಂದೇ, ಶೀನಣ್ಣನದು.

"ಕಣ್ಣಿಲ್ಲದೋನು ಎಂದೂ ಓದಲ್ಲ ಅಂದ್ಕೊಂಡಿದ್ದ" ಎಂದರು ವರದರಾಜರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ಹಳೆಯದೇನೋ ಇತ್ತು. "ನನ್ನ ಮಾತುಗಳನ್ನ ನಾನು ವಾಪಸ್ ತಗೊಂಡೆ, ಅಷ್ಟೇ. ಅವನನ್ನ ನಾನು ಮುಟ್ಟಿಲ್ಲ."

"ಸಮರ್ಥ?"

"ಅವನೂ ಅಲ್ಲ. ಪದಕೋಶ ಕಂಪ್ಯೂಟರ್‌ಗೆ ಹಾಕೋಣ ಅಂತ ಕೂಗಾಡಿ ಇಳಿದು ಹೋದ. ಶೀನ ಆಮೇಲೂ ಬದುಕಿದ್ದ."

ಮಾಧವಿ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ಇದನ್ನು ತಿಳಿದೂ ಒಂದು ಎಳೆಯ ಜೀವವನ್ನು ಜೈಲಿಗೆ ನೂಕಿದಿರಾ ಎಂದು ಕೇಳಿದಳು. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ನೋಡಿದೆ ಎಂದರೆ ಕಣ್ಣಿದೆ ಎಂದಾಗುತ್ತಿತ್ತು, ಕಣ್ಣಿದೆ ಎಂದರೆ ಕಳ್ಳನೆಂದಾಗುತ್ತಿತ್ತು ಎಂದರು. ಹಾಗೆನ್ನುತ್ತಲೇ ಅವರ ಮೈ ಸೆಟೆಯಿತು.

"ನಿಮ್ಮನ್ನ ಕಳಿಸಿದ್ದು ಯಾರು?"

"ಸಮರ್ಥನ ಅಕ್ಕ."

"ಗೇಟಲ್ಲಿ ನಿಂತಿರೋ ಆ ಹುಡುಗಿಯಾ?"

ಮಾಧವಿ ಎದ್ದು ಬಂದು ಕೆಳಗೆ ನೋಡಿದಳು. ಪಾರ್ಕಿನಲ್ಲಿರಬೇಕಾದ ಮೈತ್ರೇಯಿ ಗೇಟು ದಾಟಿ ಅಂಗಳಕ್ಕೆ ಬಂದಿದ್ದಳು. ತಲೆಯೆತ್ತಿ ಇದೇ ಕಿಟಕಿಯನ್ನು ದಿಟ್ಟಿಸಿ, ಆಮೇಲೆ ಮನೆಯೊಳಗೆ ಹೆಜ್ಜೆಯಿಟ್ಟಳು.

"ತಮ್ಮ ಇಳಿದು ಹೋದ್ಮೇಲೆ ಮೇಲೆ ಬಂದಿದ್ದು ಅವಳೇ" ಎಂದರು ವರದರಾಜರು ತಗ್ಗಿದ ದನಿಯಲ್ಲಿ. "ಶೀನನ ಹತ್ರ ಅವಳು ಮಾತಾಡಿದ್ದನ್ನ ನಾನು ಕಣ್ಣಾರೆ ಕಂಡಿದೀನಿ."

ಮೆಟ್ಟಿಲ ಮೇಲೆ ಚಪ್ಪಲಿಯಿಲ್ಲದ ಹೆಜ್ಜೆಗಳು ಕೇಳಿದವು. ಮಾಧವಿ ಯೋಚಿಸಲು ಹವಣಿಸಿದಳು. ತಮ್ಮನನ್ನು ಬಿಡಿಸಬೇಕೆಂದು ಅತ್ತವಳು ತಾನೇ ಅಲ್ಲಿದ್ದೆನೆಂದು ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಇತ್ತ ಈ ಮನುಷ್ಯ ಒಂದು ವರ್ಷ ಊರನ್ನೇ ನಂಬಿಸಿದವನು. ಇಬ್ಬರಲ್ಲಿ ಯಾರ ಮಾತು ಹಿಡಿಯುವುದು?

ಬಾಗಿಲಲ್ಲಿ ಮೈತ್ರೇಯಿ ಕಾಣಿಸಿಕೊಂಡಳು. ವರದರಾಜರು ಥಟ್ಟನೆ ಕನ್ನಡಕ ಹಾಕಿಕೊಳ್ಳಲು ಹೋದರು.

"ಬೇಡ ಸಾರ್" ಎಂದಳು ಅವಳು. "ಆವತ್ತೂ ನೀವು ನನ್ನನ್ನ ನೋಡಿದ್ರಿ. ನಾನು ಬಾಗಿಲಿಗೆ ಬಂದ ತಕ್ಷಣ ತಲೆ ಎತ್ತಿದ್ರಿ. ನಂಗೆ ಆವತ್ತೇ ಗೊತ್ತಾಯ್ತು."

ಮಾಧವಿ ಅವಳ ಕಡೆ ತಿರುಗಿದಳು. "ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಯಾರು ನಂಬ್ತಿದ್ರು ಮೇಡಂ? ತಮ್ಮನ್ನ ಉಳಿಸೋಕೆ ಅಕ್ಕ ಕಟ್ಟಿದ ಕಥೆ ಅಂತಿದ್ರು. ಕುರುಡರ ಮೇಲೆ ಗೂಬೆ ಕೂರಿಸ್ತಿದಾಳೆ ಅಂತಿದ್ರು. ಇವರಿಗೆ ಕಾಣತ್ತೆ ಅಂತ ನೀವೇ ಕಂಡುಹಿಡೀಬೇಕಿತ್ತು."

ತಮ್ಮನ ಪರವಾಗಿ ಕ್ಷಮೆ ಕೇಳಲು ಆ ಸಂಜೆ ಹೋಗಿದ್ದೆ ಎಂದಳು. ಶೀನಣ್ಣ ಸಮಾಧಾನವಾಗಿಯೇ ಮಾತಾಡಿದರು. ತಾನು ಹಿಂಬದಿಯ ಮೆಟ್ಟಿಲಿಂದ ಇಳಿದೆ. ಅರ್ಧ ಇಳಿದಾಗ ಮುಂಬದಿಯ ಮೆಟ್ಟಿಲನ್ನು ಯಾರೋ ಹತ್ತುತ್ತಿದ್ದ ಸದ್ದು ಕೇಳಿತು. ಮುಖ ಕಾಣಲಿಲ್ಲ. ಮರುಗಳಿಗೆಯಲ್ಲೇ ಶೀನಣ್ಣನ ಕೂಗು. ಹೆದರಿ ಓಡಿದ್ದೇ ತಪ್ಪಾಯಿತು.

ಅವಳು ಮೇಜಿನ ಹತ್ತಿರ ಬಂದು ವರದರಾಜರ ಎದುರಿಗೇ ನಿಂತಳು.

"ನೀವು ಕೂತಿದ್ದ ಜಾಗಕ್ಕೆ ಮುಂದಿನ ಮೆಟ್ಟಿಲು ನೇರ ಕಾಣತ್ತೆ. ನಾನು ಹೋದ್ಮೇಲೆ ಬಂದಿದ್ದು ಯಾರು ಸಾರ್?"

ವರದರಾಜರ ಒಂದೇ ಒಂದು ತಿಳಿಗಣ್ಣು ಮೈತ್ರೇಯಿಯ ಭುಜದಾಚೆ, ಬಾಗಿಲಿನ ಕಡೆ ಸರಿದು ಅಲ್ಲೇ ನಿಂತಿತು.

ಮಾಧವಿ ಹಿಂತಿರುಗಿ ನೋಡಿದಳು. ದಿನಾ ಸಂಜೆ ತಮ್ಮನನ್ನು ಕರೆದೊಯ್ಯಲು ಆ ಮೆಟ್ಟಿಲು ಹತ್ತುತ್ತಿದ್ದ ಭಾಗೀರಥಮ್ಮ, ಕಾಫಿಯ ತಟ್ಟೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ತಿಳಿಯದು.

"ವರದಾ, ಏನೂ ಹೇಳ್ಬೇಡ" ಎಂದರು ಅವರು.

ಒಳಗೆ ಬಂದು ತಟ್ಟೆಯನ್ನು ಒಂದು ತೊಟ್ಟೂ ಚೆಲ್ಲದಂತೆ ಮೇಜಿನ ಮೇಲಿಟ್ಟರು. ಹಿಂದಕ್ಕೆ ಹೋಗಿ ಕೋಣೆಯ ಬಾಗಿಲು ಮುಚ್ಚಿ, ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತರು.